ಮನೆ ಭೇಟಿಯ ವಿವರ ಇಡೋಕೆ ಎಕ್ಸೆಲ್ ಸಾಕಾ, ಬೇರೆ ಸಾಫ್ಟ್‌ವೇರ್ ಬೇಕಾ?

ಕಡತದಮನೆ:
ನಮ್ಮದು ಹನ್ನೆರಡು ಜನರ ಸಣ್ಣ ಸೇವಾ ಸಂಸ್ಥೆ. ಒಂಟಿಯಾಗಿರುವ ವಯಸ್ಸಾದವರು, ಮನೆಯಲ್ಲಿ ಹೊಡೆತ ತಿಂದ ಹೆಂಗಸರು, ಇಂಥವರ ಮನೆಗೆ ಹೋಗಿ ಬರುವುದು ನಮ್ಮ ಕೆಲಸ. ವಿವರ ಎಲ್ಲ ಕಾಗದದ ಮೇಲೆ ಬರೆದು ಆಮೇಲೆ ಎಕ್ಸೆಲ್‌ಗೆ ಹಾಕುತ್ತೇವೆ. ಈಗ ಒಬ್ಬರೇ ಅಜ್ಜಿ ಮೂರು ಶೀಟಿನಲ್ಲಿ ಮೂರು ಥರದ ಹೆಸರಲ್ಲಿದ್ದಾರೆ, ಒಂದರಲ್ಲಿ ಔಷಧಿ ತಲುಪಿದೆ ಅಂತಿದೆ, ಇನ್ನೊಂದರಲ್ಲಿ ತಲುಪಿಲ್ಲ ಅಂತಿದೆ. ಹಣ ಕೊಡುವವರು ಒಬ್ಬೊಬ್ಬರು ಒಂದೊಂದು ಥರ ವರದಿ ಕೇಳುತ್ತಾರೆ. ತಿಂಗಳ ಕೊನೆಯ ವಾರ ಪೂರ್ತಿ ಅದಕ್ಕೇ ಹೋಗಿ ಯಾರ ಮನೆಗೂ ಹೋಗಲು ಆಗುತ್ತಿಲ್ಲ, ನನಗೆ ಸಂಕಟ ಆಗುವುದು ಅದಕ್ಕೇ. ಯಾವ ಸಾಫ್ಟ್‌ವೇರ್ ತಗೊಳ್ಳಬೇಕು?

ಬಾಗಿಲುತಟ್ಟುವವಳು:
ಸಾಫ್ಟ್‌ವೇರ್ ಆಮೇಲೆ. ಮೊದಲು ನಿಮ್ಮ ಫಾರಂ ತೆಗೆದು ನೋಡಿ. ನಾನು ಹಿಂದೆ ಇದ್ದ ಸಂಸ್ಥೆಗೆ ದೊಡ್ಡದೊಂದು ಸಾಫ್ಟ್‌ವೇರ್ ತಂದರು, ಅರವತ್ತು ಪ್ರಶ್ನೆ, ಎಲ್ಲವೂ ಕಡ್ಡಾಯ, ಒಂದು ಬಿಟ್ಟರೂ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಎದುರಿಗೆ ಕೂತು ಅಳುತ್ತಿರುವವರನ್ನು ಮೊಬೈಲ್ ನೋಡಿಕೊಂಡು ‘ಎಷ್ಟನೇ ಕ್ಲಾಸ್ ಓದಿದ್ದೀರಿ’ ಅಂತ ಕೇಳುವುದು ನನ್ನಿಂದ ಆಗಲಿಲ್ಲ. ಎಲ್ಲರೂ ಕೊನೆಗೆ ಅಂದಾಜಿನ ಮೇಲೆ ತುಂಬಿಸತೊಡಗಿದೆವು, ಆ ಅಂಕಿಗಳೇ ವರದಿಗೂ ಹೋದವು. ಫಾರಂನ ಒಂದೊಂದು ಪ್ರಶ್ನೆಗೂ ಕೇಳಿಕೊಳ್ಳಿ, ಈ ಉತ್ತರ ಸಿಕ್ಕರೆ ನಾವು ಮಾಡುವ ಕೆಲಸ ಏನಾದರೂ ಬದಲಾಗುತ್ತದಾ? ಇಲ್ಲ ಅಂದರೆ, ಹಣ ಕೊಡುವವರೂ ಕೇಳಿಲ್ಲ ಅಂದರೆ, ಆ ಪ್ರಶ್ನೆ ತೆಗೆದುಹಾಕಿ.

ತಂತಿಜೋಡಣೆ:
ಮೇಲಿನವರ ಮಾತು ನಿಜ. ನಾನು ಇಂಥ ಸಂಸ್ಥೆಗಳಿಗೆ ಬಿಡುವಿದ್ದಾಗ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ, ಜಾಸ್ತಿ ಕಂಡಿರುವ ತಪ್ಪು ಅಂದರೆ ಒಂದೇ ಸಾಫ್ಟ್‌ವೇರ್ ಎಲ್ಲ ಮಾಡಲಿ ಅಂತ ಹೊರಡುವುದು. ಒಂದು ಸಲ ಹೋಗಿ ಸಮೀಕ್ಷೆ ಮಾಡಿ ಬರುವುದಾದರೆ ಕೋಬೋಟೂಲ್‌ಬಾಕ್ಸ್ ಅಥವಾ ಓಡಿಕೆ (ODK) ಥರದ ಫಾರಂ ತುಂಬುವ ಸಾಫ್ಟ್‌ವೇರ್ ಸಾಕು, ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲ್‌ನಲ್ಲಿ ತುಂಬಬಹುದು, ಸಿಗ್ನಲ್ ಬಂದ ಮೇಲೆ ಕಳಿಸಬಹುದು. ಆದರೆ ನಿಮ್ಮದು ಸಮೀಕ್ಷೆ ಅಲ್ಲ. ಅದೇ ಅಜ್ಜಿಯ ಮನೆಗೆ ಮತ್ತೆ ಮತ್ತೆ ಹೋಗುತ್ತೀರಿ, ಹೋದ ಸಲ ಏನಾಯಿತು ಅಂತ ತಿಳಿಯಬೇಕು. ಅದಕ್ಕೆ ಕಾಮ್‌ಕೇರ್ ಥರದ್ದು ಹೊಂದುತ್ತದೆ, ಒಬ್ಬ ವ್ಯಕ್ತಿಯ ವಿವರವನ್ನು ಭೇಟಿಯಿಂದ ಭೇಟಿಗೆ ಮುಂದುವರಿಸಲೆಂದೇ ಮಾಡಿದ್ದು. ದಾನಿಗಳ ಲೆಕ್ಕಕ್ಕೆ ಸಿವಿಸಿಆರ್‌ಎಂ ಇದೆ, ಸಾಫ್ಟ್‌ವೇರ್ ಉಚಿತ, ಆದರೆ ಸರ್ವರ್ ಮತ್ತು ನೋಡಿಕೊಳ್ಳುವವರ ಖರ್ಚು ಇದ್ದೇ ಇರುತ್ತದೆ.

ಒಂದೇ ಅಜ್ಜಿ ಮೂರು ಕಡೆ ಇರುವ ಸಮಸ್ಯೆಗೆ ಇದ್ಯಾವುದನ್ನೂ ಕಾಯಬೇಡಿ. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಎಲ್ಲ ಶೀಟಿನಲ್ಲೂ ಅದೇ ನಂಬರ್ ಇರಲಿ. ಇವತ್ತೇ ಎಕ್ಸೆಲ್‌ನಲ್ಲೇ ಶುರು ಮಾಡಬಹುದು.

ಬೀಗದಕೈ:
ಹೊಡೆತ ತಿಂದ ಹೆಂಗಸರ ವಿಳಾಸ ಆ ಶೀಟಿನಲ್ಲಿ ಇದೆ ಅಲ್ವಾ? ಅದನ್ನು ಯಾರ್ಯಾರು ತೆರೆಯಬಹುದು? ಕೆಲಸ ಬಿಟ್ಟು ಹೋದವರ ಹತ್ತಿರ ಪಾಸ್‌ವರ್ಡ್ ಇನ್ನೂ ಇದೆಯಾ? ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಯ ವಿವರ ಇದ್ದ ಸರ್ವರ್‌ಗಳ ಮೇಲೇ ಸೈಬರ್ ದಾಳಿ ಆಗಿರುವುದು 2022ರ ಜನವರಿಯಲ್ಲಿ ಗೊತ್ತಾಯಿತು, ಯುದ್ಧ, ವಿಕೋಪಗಳಲ್ಲಿ ಮನೆಯವರಿಂದ ಬೇರೆಯಾದವರೂ ಸೇರಿ 5,15,000ಕ್ಕೂ ಹೆಚ್ಚು ಜನರ ವಿವರ ಆ ಸರ್ವರ್‌ಗಳಲ್ಲಿತ್ತು. ಸರಿಪಡಿಸದೆ ಉಳಿದಿದ್ದ ಒಂದು ಲೋಪದಿಂದ ಒಳಗೆ ಬಂದವರು ಸುಮಾರು 70 ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಹೆಂಗಸರ ವಿಳಾಸ ಬೇರೆ ಕಡೆ ಇಡಿ, ಇಬ್ಬರು ಮೂವರಿಗೆ ಮಾತ್ರ ಕಾಣಲಿ. ವಾಟ್ಸ್ಯಾಪ್ ಗ್ರೂಪಿನಲ್ಲಿ ಅವರ ಫೋಟೋ, ಹೆಸರು ಹಾಕುವುದು ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಕಡತದಮನೆ:
ಗ್ರೂಪಿನಲ್ಲಿ ಹಾಕುತ್ತಿದ್ದೆವು. ಈಗ ತಾನೇ ಎಲ್ಲರಿಗೂ ಫೋನ್ ಮಾಡಿ ನಿಲ್ಲಿಸಲು ಹೇಳಿ, ಹಳೆಯವನ್ನು ಅವರವರ ಮೊಬೈಲಿನಿಂದಲೂ ಅಳಿಸಲು ಹೇಳಿದ್ದೇನೆ. ಕೆಲಸ ಬಿಟ್ಟ ಇಬ್ಬರ ಹತ್ತಿರ ಪಾಸ್‌ವರ್ಡ್ ಇತ್ತು, ಅದನ್ನೂ ಬದಲಾಯಿಸಿದೆ. ನಂಬರ್ ಕೊಡುವ ಕೆಲಸ ನಾಳೆಯಿಂದ ಶುರು. ತಂತಿಜೋಡಣೆಯವರೇ, ಬೀರುವಿನಲ್ಲಿರುವ ಹಳೆಯ ಕಾಗದಗಳನ್ನೂ ಹೊಸದಕ್ಕೆ ಹತ್ತಿಸಬೇಕಾ, ಅಥವಾ ಈಗ ಭೇಟಿ ಮಾಡುತ್ತಿರುವವರದ್ದು ಮಾತ್ರ ಸಾಕಾ?

ತಂತಿಜೋಡಣೆ:
ಈಗ ಭೇಟಿ ಮಾಡುತ್ತಿರುವವರದ್ದು ಮಾತ್ರ. ಬೀರುವಿಗೆ ಒಳ್ಳೆಯ ಬೀಗ ಹಾಕಿಸಿ.