ಐಬಿಎಸ್ ಇದ್ದವರಿಗೆ ಗಾಲ್‌ಬ್ಲಾಡರ್ ಕಲ್ಲು: ಆಪರೇಷನ್ ಬೇಕೇ ಬೇಕಾ?

ತುಂಗಾತೀರ:
38 ವರ್ಷದ ಹೆಂಗಸು, ಆರು ವರ್ಷದಿಂದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಕೆರಳುವ ತೊಂದರೆ). ಹೊಟ್ಟೆ ನುಲಿತ, ಉಬ್ಬರ, ದಿನಕ್ಕೆ ನಾಲ್ಕೈದು ಸಲ ಮೋಷನ್. ಹೋಗಿ ಬಂದರೆ ನೋವು ಇಳಿಯುತ್ತೆ. ಈಗ ಸ್ಕ್ಯಾನಿಂಗ್‌ನಲ್ಲಿ 8 ಮಿ.ಮೀ.ನ ಒಂದು ಕಲ್ಲು ಕಂಡಿದೆ. ಪಿತ್ತಕೋಶ (ಗಾಲ್‌ಬ್ಲಾಡರ್) ತೆಗೆಸಿದರೆ ಈ ನೋವು ನಿಲ್ಲುತ್ತಾ?

ವೈದ್ಯಮಿತ್ರ:
ನೀವು ಬರೆದ ನೋವು ಕರುಳಿನದು. ಕಲ್ಲಿನ ನೋವಿನ ಚಹರೆಯೇ ಬೇರೆ. ಎದೆಗುಂಡಿಯ ಕೆಳಗೋ ಬಲ ಪಕ್ಕೆಲುಬಿನಡಿಯೋ ಶುರುವಾಗಿ ಏರುತ್ತಾ ಹೋಗಿ, ಅರ್ಧ ಗಂಟೆಗೂ ಮೀರಿ ಒಂದೇ ಸಮ ಹಿಡಿದಿರುತ್ತೆ. ಬಲ ಹೆಗಲ ಹಿಂದಕ್ಕೂ ಹಬ್ಬಬಹುದು, ನಿದ್ದೆಯಿಂದ ಎಬ್ಬಿಸಲೂಬಹುದು. ಮೋಷನ್ ಆದರೂ, ಗ್ಯಾಸ್ ಹೋದರೂ ಜಗ್ಗಲ್ಲ. ದಿನಾ ಬರುವುದೂ ಇಲ್ಲ.

ನೋವೇ ಕೊಡದ ಕಲ್ಲಿರುವವರಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಜನಕ್ಕಷ್ಟೇ ಅದು ಕಾಟ ಶುರು ಮಾಡುತ್ತೆ. ಎರಡು ವಾರ ಬರೆದಿಡಿ: ನೋವು ಎಲ್ಲಿ, ಎಷ್ಟು ನಿಮಿಷ, ಮೋಷನ್ ಆದಮೇಲೆ ಇಳಿಯಿತಾ. ಸರ್ಜನ್‌ಗೆ ಆ ಹಾಳೆ ತೋರಿಸಿ.

ಕರುಳಬಳ್ಳಿ:
2004ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 89 ಸಾವಿರ ಜನರ ಅಧ್ಯಯನವೊಂದು ಪ್ರಕಟವಾಯಿತು. ಐಬಿಎಸ್ ಇದ್ದವರಲ್ಲಿ ಪಿತ್ತಕೋಶ ತೆಗೆಸಿಕೊಂಡವರು ನೂರಕ್ಕೆ 12.4, ಇಲ್ಲದವರಲ್ಲಿ 4.1. ಗರ್ಭಕೋಶ 33.2 ಮತ್ತು 17. ಅಪೆಂಡಿಕ್ಸ್‌ ಕೂಡ ಹೆಚ್ಚುಕಮ್ಮಿ ಎರಡರಷ್ಟು. ಕರುಳು ನೋಯುತ್ತಿದ್ದರೂ ಅದರ ಪಕ್ಕದ ಅಂಗದ ಮೇಲೆ ಆರೋಪ ಬೀಳುತ್ತೆ. ಅಂಗ ಹೋದರೂ ನೋವು ಉಳಿಯುತ್ತೆ.

ಭೇದಿ ಇರುವವರು ಇನ್ನೊಂದು ಗಮನಿಸಬೇಕು. ಪಿತ್ತಕೋಶ ಹೋದಮೇಲೆ ಪಿತ್ತರಸವನ್ನು ಕೂಡಿಡಲು ಜಾಗವಿಲ್ಲ, ಸದಾ ಕರುಳಿಗೆ ಜಿನುಗುತ್ತೆ. ಅದು ದೊಡ್ಡ ಕರುಳು ತಲುಪಿದರೆ ನೀರು ಸೆಳೆದು ಭೇದಿ ಹೆಚ್ಚಿಸಬಹುದು. ಅದಕ್ಕೆ ಪಿತ್ತರಸವನ್ನು ಹಿಡಿದಿಡುವ ಕೊಲೆಸ್ಟೈರಮೈನ್ ಪುಡಿ ಇದೆ, ಒಂದು ಪೊಟ್ಟಣದಲ್ಲಿ 4 ಗ್ರಾಂ ಔಷಧ. ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಇಲ್ಲವೇ 4–6 ಗಂಟೆ ನಂತರ ತೆಗೆದುಕೊಳ್ಳಬೇಕು; ಜೊತೆಗೇ ನುಂಗಿದರೆ ಪುಡಿ ಅವನ್ನೂ ಹಿಡಿದುಕೊಂಡುಬಿಡುತ್ತೆ. ಥೈರಾಯ್ಡ್ ಮಾತ್ರೆಯವರು ಇದನ್ನು ಮರೆಯಲೇಬೇಡಿ.

ಶುಶ್ರೂಷೆ:
ಮೇಲಿನದೆಲ್ಲ ಸರಿ. ಆದರೆ ಎಲ್ಲ ನೋವನ್ನೂ ಐಬಿಎಸ್ ತಲೆಗೆ ಕಟ್ಟಬೇಡಿ. ಬಲಮೇಲ್ಭಾಗದ ನೋವಿನ ಜೊತೆ ಜ್ವರ, ಕಣ್ಣು ಹಳದಿ, ಕಡುಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆ. ಹೊಕ್ಕುಳ ಸುತ್ತ ಹುಟ್ಟಿದ ನೋವು ಕೆಲವೇ ಗಂಟೆಗಳಲ್ಲಿ ಬಲಕೆಳಗೆ ಇಳಿದು, ಕೆಮ್ಮಿದರೂ ಚುಚ್ಚಿದರೆ ಅಪೆಂಡಿಕ್ಸ್ ನೋಡಿಸಲೇಬೇಕು. ಮಲದಲ್ಲಿ ರಕ್ತ, ತೂಕ ಇಳಿತ, ರಕ್ತಹೀನತೆ ಇವು ಐಬಿಎಸ್‌ನ ಲಕ್ಷಣಗಳಲ್ಲ.

ತುಂಗಾತೀರ:
ನೋವಿಲ್ಲದಿದ್ದರೂ ತೆಗೆಸಬೇಕಾದ ಕಲ್ಲು ಅಂತ ಇದೆಯಾ?

ವೈದ್ಯಮಿತ್ರ:
ಇದೆ. 3 ಸೆಂ.ಮೀ. ದಾಟಿದ ಕಲ್ಲು, ಅಥವಾ ಜೊತೆಗೆ 1 ಸೆಂ.ಮೀ. ಮೀರಿದ ಪಾಲಿಪ್ (ಪಿತ್ತಕೋಶದ ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ ಕ್ಯಾನ್ಸರ್ ಭಯಕ್ಕೆ ತೆಗೆಯುತ್ತಾರೆ. 8 ಮಿ.ಮೀ. ಆ ಲೆಕ್ಕಕ್ಕೆ ಬರಲ್ಲ.