ಮುಳ್ಳು ಹೊರಗೆ ಜಾರಿ ಬೀಳುತ್ತಿದೆ, ಪ್ಲೇಟು ಹಾಡುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ

ಬಸವನಗುಡಿ_ಕೇಳುಗ
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಹೋದ ಭಾನುವಾರ ಚಿಕ್ಕಪೇಟೆ ಸಂಡೇ ಬಜಾರಿನಲ್ಲಿ ಹತ್ತಿಂಚಿನ ಒಂದು ಪ್ಲೇಟು ಸಿಕ್ಕಿತು. ಮೇಲೆ ಪೆನ್ಸಿಲಿನಲ್ಲಿ ‘ಬೇಡ, 4’ ಅಂತ ಬರೆದಿದೆ, ಅಷ್ಟೇ. ಸ್ಟುಡಿಯೊದಲ್ಲಿ ಬಿಟ್ಟುಬಿಟ್ಟ ಟೇಕ್ ಇರಬೇಕು. ನಾನು ಹುಡುಕುವುದೇ ಇಂಥವನ್ನು.

ಮುಳ್ಳು ಇಟ್ಟ ತಕ್ಷಣ ಒಬ್ಬ ಹೆಂಗಸಿನ ನಗು. ಆಮೇಲೆ ‘ಅಯ್ಯೋ, ಸಾಲೇ ಮರೆತುಹೋಯ್ತು, ಇನ್ನೊಂದ್ಸಲ ತಗೊಳ್ಳೋಣ’ ಅಂತ ಮಾತು. ಹಿಂದೆ ಯಾರೋ ತಬಲಾದ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸುತ್ತಾರೆ. ನಾಲ್ಕೇ ಸೆಕೆಂಡು. ಅಷ್ಟರಲ್ಲಿ ಮುಳ್ಳು ಅಂಚಿನಿಂದ ಜಾರಿ ಮ್ಯಾಟ್ ಮೇಲೆ ಬೀಳುತ್ತದೆ. ಹಾಡು ಕೇಳಲು ಆಗುತ್ತಲೇ ಇಲ್ಲ. ಸ್ಟೈಲಸ್ ಹೊಸದು. ಬೇರೆ ಎಲ್‌ಪಿಗಳೆಲ್ಲ ಸರಿಯಾಗಿ ಹಾಡುತ್ತವೆ.

ರಸಮಟ್ಟ
ಆಂಟಿಸ್ಕೇಟ್ ಜಾಸ್ತಿ ಇದೆ. ಮುಳ್ಳು ಹಿಡಿದಿರುವ ತೋಳನ್ನು ಹೊರಗೆ ಎಳೆಯುವುದೇ ಅದರ ಕೆಲಸ. ಸೊನ್ನೆಗೆ ತಿರುಗಿಸಿ. ಮುಳ್ಳಿನ ಭಾರ ಎಷ್ಟಿಟ್ಟಿದ್ದೀರಿ?

ಬಸವನಗುಡಿ_ಕೇಳುಗ
2 ಗ್ರಾಂ. ಸೊನ್ನೆ ಮಾಡಿದೆ. ಹಾಗೇ ಜಾರುತ್ತದೆ.

ರಸಮಟ್ಟ
ಗುಂಡಿ ಸೊನ್ನೆ ತೋರಿಸಿದರೆ ಸಾಲದು. ಒಳಗಿನ ಸ್ಪ್ರಿಂಗ್ ಸಿಕ್ಕಿಕೊಂಡಿರಬಹುದು. ರಸಮಟ್ಟ ಇಟ್ಟು ಟೇಬಲ್ ಸಮ ಇದೆಯಾ ಅಂತಲೂ ನೋಡಿ. ನಮ್ಮ ಮನೆಯಲ್ಲಿ ಒಂದು ಕಾಲಿನ ಕೆಳಗೆ ಕಾರ್ಡ್ ಇಟ್ಟ ಮೇಲೇ ಸರಿಹೋಯಿತು.

ಕೀಲಿಗ್ರಾಮಫೋನ್
ಅಷ್ಟೆಲ್ಲ ಯಾಕೆ? ಕೀಲಿ ಕೊಡುವ ಹಳೇ ಗ್ರಾಮಫೋನಿನ ಮೇಲೆ ಸ್ಟೀಲ್ ಮುಳ್ಳು ಹಾಕಿ ಒಂದ್ಸಲ ಇಡಿ. ನಮ್ಮ ತಾತನ ಮೆಷಿನ್ನಿನಲ್ಲಿ ಇವತ್ತಿನವರೆಗೆ ಒಂದು ಪ್ಲೇಟೂ ಜಾರಿಲ್ಲ.

ಗೆರೆನೋಟ
ದಯವಿಟ್ಟು ಹಾಗೆ ಮಾಡಬೇಡಿ! ಕೇಳುಗರೇ, ಅಂಚಿನಲ್ಲಿ ಲೋಹ ಕಾಣುತ್ತದೆಯೇ? ನಡುವಿನ ತೂತಿನ ಪಕ್ಕ ಇನ್ನೊಂದು ತೂತು ಇದೆಯೇ?

ಬಸವನಗುಡಿ_ಕೇಳುಗ
ಹೌದು, ಅಲ್ಯೂಮಿನಿಯಂ. ಪಕ್ಕದ ತೂತೂ ಇದೆ. ಮೇಲೆ ಬಿಳಿ ಜಿಡ್ಡಿನಂಥ ಪುಡಿ ಕೂತಿದೆ. ಸ್ಟುಡಿಯೊ ಪ್ಲೇಟು ಅಂದಮೇಲೆ ಗೊತ್ತಾಗುತ್ತದೆ ಅಂದುಕೊಂಡು ಬರೆಯಲಿಲ್ಲ.

ಗೆರೆನೋಟ
ಅದನ್ನೇ ಮೊದಲು ಹೇಳಬೇಕಿತ್ತು ಸರ್. ಇದು ಫ್ಯಾಕ್ಟರಿಯಲ್ಲಿ ಒತ್ತಿದ್ದಲ್ಲ, ಅಸಿಟೇಟ್. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಬಳಿದು, ಅದರ ಮೇಲೆ ನೇರವಾಗಿ ಗೆರೆ ಕೊರೆಯುತ್ತಿದ್ದರು. ಲ್ಯಾಕರ್ ಮೆತ್ತಗಿರುತ್ತದೆ. ಪ್ರತಿ ಸಲ ಹಾಡಿಸಿದಾಗಲೂ ಸ್ವಲ್ಪ ಸವೆಯುತ್ತದೆ. ಸ್ಟೀಲ್ ಮುಳ್ಳು ಇಟ್ಟರೆ ಒಂದೇ ಸಲಕ್ಕೆ ಉಳುಮೆ ಮಾಡಿದಂತೆ ಆಗುತ್ತದೆ. ಬಿಳಿ ಪುಡಿ ಧೂಳಲ್ಲ. ಲ್ಯಾಕರಿನಲ್ಲಿರುವ ಹರಳೆಣ್ಣೆ ಕೆಟ್ಟು ಹೊರಗೆ ಬಂದಿರುವುದು. ಸ್ಪಿರಿಟ್ ಮಾತ್ರ ಹಾಕಬೇಡಿ.

ಶಬ್ದಶುದ್ಧ
ಅಸಿಟೇಟ್ ಅನ್ನುವುದು ರೂಢಿಯ ಹೆಸರು. ಬಳಿದಿರುವುದು ನೈಟ್ರೊಸೆಲ್ಯುಲೋಸ್. ಸರಿಯಾದ ಹೆಸರು ಲ್ಯಾಕರ್ ಡಿಸ್ಕ್.

ಗೆರೆನೋಟ
ಗೊತ್ತು ಸರ್. ಮೂವತ್ತು ವರ್ಷದಿಂದ ಕೊಳ್ಳುವವರು, ಮಾರುವವರು ಎಲ್ಲರೂ ಅಸಿಟೇಟ್ ಅಂತಲೇ ಹೇಳುವುದನ್ನು ಕೇಳಿದ್ದೇನೆ.

ಶಬ್ದಶುದ್ಧ
ಎಲ್ಲರೂ ಹೇಳಿದ ಮಾತ್ರಕ್ಕೆ ಸರಿಯಾಗುವುದಿಲ್ಲ. ನಿಜವಾದ ಅಸಿಟೇಟ್ ಇರುವುದು ಹಳೇ ಟೇಪಿನಲ್ಲಿ. ಎರಡನ್ನೂ ಒಂದೇ ಅಂದುಕೊಂಡು ಜನ ಹಾಳು ಮಾಡಿಕೊಳ್ಳುತ್ತಾರೆ. ಅದಕ್ಕೇ ಹೇಳಿದ್ದು.

ರಸಮಟ್ಟ
ಹೆಸರು ಯಾವುದಾದರೂ ಇರಲಿ, ಜಾರುವುದು ಆಂಟಿಸ್ಕೇಟಿನಿಂದಲೇ. ಪ್ಲೇಟಿನ ನಡುಭಾಗದಲ್ಲಿ ಮುಳ್ಳು ಇಟ್ಟರೆ ಏನಾಗುತ್ತದೆ?

ಬಸವನಗುಡಿ_ಕೇಳುಗ
ಭಯದಿಂದ ಹತ್ತು ಸೆಕೆಂಡ್ ಮಾತ್ರ ಇಟ್ಟೆ. ಹಾಡುತ್ತದೆ, ಸ್ಪಷ್ಟವಾಗಿ. ಆದರೆ ತೋಳು ನಿಧಾನವಾಗಿ ಹೊರಗೇ ಹೋಗುತ್ತದೆ.

ರಸಮಟ್ಟ
ಹೇಳಲಿಲ್ಲವಾ! ಹೊರಗೆ ಎಳೆಯುತ್ತಿದೆ. ಸ್ಪ್ರಿಂಗ್ ಬಿಚ್ಚಿಸಿ.

ಗೆರೆನೋಟ
ಇಲ್ಲ ಸರ್, ಒಂದು ನಿಮಿಷ ಯೋಚಿಸಿ. ತೋಳು ಬಲವಂತವಾಗಿ ಹೊರಗೆ ಹೋದರೆ ಗೆರೆ ದಾಟಬೇಕು. ದಾಟಿದರೆ ಟಕ್ ಟಕ್ ಅಂತ ಮಾತು ತುಂಡಾಗಬೇಕು. ಇಲ್ಲಿ ಹಾಡು ಸಾಲಾಗಿ ಸ್ಪಷ್ಟವಾಗಿ ಬರುತ್ತಿದೆ. ಅಂದರೆ ಗೆರೆಯೇ ಹೊರಗೆ ಹೋಗುತ್ತಿದೆ. ಇದು ಒಳಗಿನಿಂದ ಶುರುವಾಗುವ ಪ್ಲೇಟು. ಲ್ಯಾಕರ್ ಕೊರೆಯುವಾಗ ಕೂದಲಿನಂಥ ಎಳೆ ಎದ್ದು ನಡುವಿನ ಕಡೆಗೆ ಸರಿಯುತ್ತದೆ. ಹೊರಗಿನಿಂದ ಒಳಗೆ ಕೊರೆದರೆ ಅದು ಕೊರೆಯುವ ಮೊನೆಗೇ ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ಶುರು ಮಾಡಿದರೆ ಆ ಕಾಟವಿಲ್ಲ.

ನೀವು ಕೇಳಿದ ನಗು ಶುರುವಿನದಲ್ಲ, ಕೊನೆಯದು. ಹಾಡಿ, ಸಾಲು ಮರೆತು, ನಕ್ಕಿದ್ದಾರೆ. ಅಲ್ಲಿಗೆ ಗೆರೆ ಮುಗಿದಿದೆ. ಲೇಬಲ್ ಪಕ್ಕದಲ್ಲಿ ಮುಳ್ಳು ಇಡಿ.

ಬಸವನಗುಡಿ_ಕೇಳುಗ
ಓದಿ ಮೈ ಜುಮ್ಮೆಂದಿತು. ಈಗಲೇ ಇಟ್ಟೆ. ಆದರೆ ಒಳಗೆ ಇಟ್ಟ ತಕ್ಷಣ ತೋಳು ತಾನೇ ಎದ್ದು ವಾಪಸ್ ಹೋಗುತ್ತದೆ! ಎರಡು ಸಲವೂ ಹಾಗೇ ಆಯಿತು.

ಗೆರೆನೋಟ
ಫುಲ್ ಆಟೊಮ್ಯಾಟಿಕ್ ಪ್ಲೇಯರಾ?

ಬಸವನಗುಡಿ_ಕೇಳುಗ
ಹೌದು.

ಗೆರೆನೋಟ
ಇನ್ನು ಮುಟ್ಟಬೇಡಿ. ತೋಳು ಲೇಬಲ್ ಹತ್ತಿರ ಬಂದರೆ ಪ್ಲೇಟು ಮುಗಿಯಿತು ಅಂತ ಆ ಯಂತ್ರ ತಿಳಿಯುತ್ತದೆ. ಮ್ಯಾನುಯಲ್ ಟೇಬಲ್ ಬೇಕು.

ಕೀಲಿಗ್ರಾಮಫೋನ್
ತಳ ಬಿಚ್ಚಿ ಆ ಲಿವರಿಗೆ ರಬ್ಬರ್ ಬ್ಯಾಂಡ್ ಕಟ್ಟಿದರೆ ಆಯಿತು.

301_ಮಲ್ಲೇಶ್ವರ
ಬಿಚ್ಚುವುದು ಬೇಡ. ನನ್ನ ಹತ್ತಿರ ಗ್ಯಾರಾರ್ಡ್ 301 ಇದೆ, ಹಳೇ ಮ್ಯಾನುಯಲ್ ಟೇಬಲ್. ತೇಗದ ದಪ್ಪ ಹಲಗೆಯಲ್ಲಿ ಕೂರಿಸಿದ್ದೇನೆ. ಇಡೀ ಟೇಬಲ್ ಎತ್ತಲು ಇಬ್ಬರು ಬೇಕು. ಎರಡು ತೋಳು, ಒಂದರಲ್ಲಿ ಎಲ್‌ಪಿಗೆ, ಇನ್ನೊಂದರಲ್ಲಿ 78 ವೇಗದ ಹಳೇ ಪ್ಲೇಟುಗಳಿಗೆ ದಪ್ಪ ಮೊನೆಯ ಮುಳ್ಳು. ಮುಳ್ಳಿನ ಸದ್ದು ಹಿಗ್ಗಿಸುವ ಫೋನೊ ಆಂಪ್ಲಿಫೈಯರ್ ವಾಲ್ವಿನದು, ನಾನೇ ಬೆಸೆದದ್ದು.

ನನಗೂ ಇಂಥ ತಪ್ಪಿದ ಟೇಕ್‌ಗಳು ಅಂದರೆ ಪ್ರಾಣ. 1939ರಲ್ಲಿ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಹಾಡುವಾಗ ಹಾಡಿನ ಎಂಟು ಬಾರ್, ಅಂದರೆ ಎಂಟು ತಾಳದ ಅಳತೆ, ಕತ್ತರಿಸಿದ್ದು ಅವರಿಗೆ ಗೊತ್ತಾಗದೆ, ಅದೇ ರಾಗದಲ್ಲಿ ಬೈಯುತ್ತಾ ಹಾಡು ಮುಂದುವರಿಸಿದ ಟೇಕ್ ಕೇಳಿದ್ದೀರಲ್ವಾ? ಆದರೆ ಅಮೆರಿಕದ ಕರ್ಮಿಟ್ ಶೇಫರ್ 1950ರ ದಶಕದಿಂದ ತಂದ ಬ್ಲೂಪರ್ ಎಲ್‌ಪಿಗಳಲ್ಲಿ, ಅಂದರೆ ರೇಡಿಯೊ, ಟಿವಿಯ ಬಾಯಿತಪ್ಪುಗಳ ಪ್ಲೇಟುಗಳಲ್ಲಿ, ಎಷ್ಟೋ ತಪ್ಪುಗಳನ್ನು ಮತ್ತೆ ನಟಿಸಿ ಸೇರಿಸಿದ್ದಾರೆ. ನಿಜವಾದ ತಪ್ಪಿನ ರುಚಿ ಅದರಲ್ಲಿಲ್ಲ. ನಿಮ್ಮ ತಬಲಾದ ಕೈ ಸದ್ದನ್ನು ಯಾರೂ ನಟಿಸಲಾರರು. ಭಾನುವಾರ ಮನೆಗೆ ಬನ್ನಿ.

ಕೀಲಿಗ್ರಾಮಫೋನ್
ಯಾವ ಸ್ಟುಡಿಯೊದ್ದಿರಬಹುದು? ಬೆಂಗಳೂರಿನದಾ?

ಶಬ್ದಶುದ್ಧ
ಸಿನಿಮಾ ಹಾಡಾದರೆ ಮದ್ರಾಸ್ ಇರಬೇಕು. ಶಂಕರ್ ನಾಗ್ ಇಲ್ಲಿ ಸಂಕೇತ್ ಸ್ಟುಡಿಯೊ ಕಟ್ಟುವವರೆಗೆ ಕನ್ನಡದ ಹಾಡುಗಳು ಹೆಚ್ಚಾಗಿ ಅಲ್ಲೇ ರೆಕಾರ್ಡ್ ಆಗುತ್ತಿದ್ದವು. ಸುಮ್ನೆ ಊಹೆ ಮಾಡುವುದು ಬೇಡ, ಮೊದಲು ಕೇಳಿ.

ರಸಮಟ್ಟ
301ರ ತೋಳಿಗೆ ಆಂಟಿಸ್ಕೇಟ್ ಎಷ್ಟಿಟ್ಟಿದ್ದೀರಿ?

301_ಮಲ್ಲೇಶ್ವರ
ಈ ಪ್ಲೇಟಿಗೆ ಪೂರ್ತಿ ಬಿಚ್ಚಿಡುತ್ತೇನೆ ಸರ್.

ಬಸವನಗುಡಿ_ಕೇಳುಗ
ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತಗಿನ ಬಟ್ಟೆ ಅದ್ದಿ, ಗೆರೆಯ ದಿಕ್ಕಿನಲ್ಲೇ ಒರೆಸಿದೆವು. ಒಂದೇ ಸಲ ಹಾಡಿಸಿದೆವು, ರೆಕಾರ್ಡರ್ ಆನ್ ಮಾಡಿಕೊಂಡು. ವೇಗ ನಿಮಿಷಕ್ಕೆ 33 ಸುತ್ತು.

ಮೊದಲು ಒಬ್ಬ ಗಂಡಸು ‘ನಾಲ್ಕು’ ಅನ್ನುತ್ತಾರೆ. ಕುರ್ಚಿ ಎಳೆದ ಸದ್ದು. ಆಕೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ. ಎರಡೂವರೆ ನಿಮಿಷ ಹಾಡು. ಅದು ಭಾವಗೀತೆಯ ಹಾಗಿದೆ, ನಾವಿಬ್ಬರೂ ಎಲ್ಲೂ ಕೇಳಿದ್ದಲ್ಲ. ಎರಡನೇ ಚರಣಕ್ಕೆ ಬಂದಾಗ ದನಿ ಒಂದು ಕ್ಷಣ ತಡವರಿಸುತ್ತದೆ. ತಬಲಾ ಒಂದು ಸುತ್ತು ಕಾಯುತ್ತದೆ. ಸಾಲು ಬರುವುದಿಲ್ಲ. ಆಮೇಲೆ ಆ ನಗು. ಮೊದಲ ಸಲ ಅದೇ ನಗು ಕೇಳಿದಾಗ ಇಷ್ಟು ಚೆಂದ ಅನ್ನಿಸಿರಲಿಲ್ಲ.

ಲೇಬಲ್ ಹತ್ತಿರ ಒಂದು ಕಡೆ ಲ್ಯಾಕರ್ ಬಿರುಕು ಬಿಟ್ಟಿದೆ, ಇನ್ನು ಇದನ್ನು ಹಾಡಿಸುವುದಿಲ್ಲ. ಗೆರೆನೋಟ ಅವರಿಗೂ ಮಲ್ಲೇಶ್ವರದ ಸರ್‌ಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ.

ಇದು ನಾಲ್ಕನೆಯದಾದರೆ ಒಂದು, ಎರಡು, ಮೂರು ಎಲ್ಲೋ ಇರಬೇಕು. ಐದನೆಯದೂ. ನಾನು ತಗೊಂಡಾಗ ಆ ಗೋಣಿಚೀಲದಲ್ಲಿ ಇನ್ನೂ ನಾಲ್ಕೈದು ಇದ್ದವು, ಲೇಬಲ್ ಇಲ್ಲ ಅಂತ ಬಿಟ್ಟು ಬಂದೆ. ಇವತ್ತು ಬೆಳಗ್ಗೆ ಹೋದರೆ ಚೀಲ ಖಾಲಿ. ನಿಮ್ಮಲ್ಲಿ ಯಾರಾದರೂ ಅಲ್ಲಿ ಪೆನ್ಸಿಲ್ ಬರಹದ ಹತ್ತಿಂಚಿನ ಪ್ಲೇಟು ತಗೊಂಡಿದ್ದರೆ ದಯವಿಟ್ಟು ತಿಳಿಸಿ. ಹೊರ ಅಂಚಿನಲ್ಲಿ ಮಾತ್ರ ಮುಳ್ಳು ಇಡಬೇಡಿ.