ಅಪ್‌ಡೇಟ್: ಗರ್ಭಪಾತವಾಗಿ ಮೂರು ವಾರವಾದ್ರೂ ಹೋಗದ ಹೊಟ್ಟೆನೋವು, ಕಾರಣ ಸಿಕ್ತು

ಏಳನೇ ವಾರದಲ್ಲಿ ಮಾತ್ರೆಯಿಂದ ಗರ್ಭಪಾತ ಆಯ್ತು, ಮೂರು ವಾರವಾದ್ರೂ ಕಿಬ್ಬೊಟ್ಟೆ ನೋವು ನಿಂತಿಲ್ಲ, ಇದು ಮಾಮೂಲಾ ಅಂತ ಕೇಳಿದ್ದೆನಲ್ಲ, ಅವಳೇ ನಾನು. "ಕಾಯಬೇಡ, ಸ್ಕ್ಯಾನ್ ಮಾಡಿಸು" ಅಂದವರಿಗೆಲ್ಲ ಕೈಮುಗಿದು ಥ್ಯಾಂಕ್ಸ್.

ಮರುದಿನವೇ ಹೋದೆ. ಅಷ್ಟರಲ್ಲಿ ಜ್ವರ ಬಂದಿತ್ತು, ಸ್ರಾವಕ್ಕೆ ಕೆಟ್ಟ ವಾಸನೆ. ಡಾಕ್ಟರ್ ಸ್ಕ್ಯಾನ್ ಪರದೆಯನ್ನ ನನ್ನ ಕಡೆ ತಿರುಗಿಸಿ, ಗರ್ಭಕೋಶದೊಳಗಿನ ಬೂದು ಮಚ್ಚೆಯ ಮೇಲೆ ಬೆರಳಿಟ್ರು. ಅಂಗಾಂಶದ ಒಂದು ತುಣುಕು ಒಳಗೇ ಉಳಿದಿತ್ತು. ಅದನ್ನ ಹೊರಹಾಕೋಕೆ ಗರ್ಭಕೋಶ ಹಿಂಡ್ತಾನೇ ಇತ್ತು, ಜೊತೆಗೆ ಸೋಂಕೂ ಹತ್ತಿತ್ತು. ಆಂಟಿಬಯೋಟಿಕ್ ಶುರು ಮಾಡಿ, ತೆಳು ನಳಿಕೆಯಿಂದ ಹೀರಿ ತೆಗೆದ್ರು. ನರ್ಸ್ ಅಕ್ಕ ಕೊನೆವರೆಗೂ ನನ್ನ ಕೈ ಬಿಡಲಿಲ್ಲ.

ಎಲ್ಲರಿಗೂ ಇದೇ ಕಾರಣ ಅಂತಲ್ಲ. ಬರೀ ಸೋಂಕಿರಬಹುದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮೂತ್ರದ ಸೋಂಕೂ ಇರಬಹುದು. ನಿಜವಾಗ್ಲೂ ಹೆದರಬೇಕಾದ್ದು ಗರ್ಭನಾಳದಲ್ಲಿ ನಿಂತ ಗರ್ಭಕ್ಕೆ. ಈ ಮಾತ್ರೆಗಳಿಂದ ಅದು ಹೋಗಲ್ಲ, ನಾಳ ಒಡೆದ್ರೆ ಜೀವಕ್ಕೇ ಅಪಾಯ. ಒಂದೇ ಪಕ್ಕ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದ್ರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಎರಡು ಗಂಟೆ ನೆನೆದ್ರೂ ಅಷ್ಟೇ.

ನನಗೆ ಮಾತ್ರೆ ಕೊಟ್ಟ ಕಡೆ, ಎರಡು ವಾರಕ್ಕೆ ಮತ್ತೆ ತೋರಿಸು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೆ ಈಗಲೂ ಸಿಟ್ಟಿದೆ. ಮನೆಯವರಿಗೆ ಗೊತ್ತಾಗುತ್ತೆ ಅಂತ ನಾನೂ ಸುಮ್ಮನಿದ್ದೆ. ಆದ್ರೆ 18 ತುಂಬಿದವಳಿಗೆ ಕಾನೂನಿನ ಪ್ರಕಾರ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ, ಹೆಸರನ್ನೂ ಗುಟ್ಟಾಗಿಡಬೇಕು.

ಇವತ್ತಿಗೆ ಆರು ದಿನ. ಜ್ವರ ಇಲ್ಲ. ನಿನ್ನೆ ರಾತ್ರಿ ಬಿಸಿನೀರಿನ ಬ್ಯಾಗ್ ಇಲ್ಲದೆ ಮಲಗಿದೆ.